ಗೋಡೆಯ ಪೆಟ್ಟಿಗೆಗೂ ಕಾರಿಗೂ ನಡೆಯುವ ಮಾತುಕತೆ

ವಿದ್ಯುತ್ ಕಾರಿನ ಚಾರ್ಜರ್ ಇರುವುದು ಕಾರಿನೊಳಗೇ. ಮನೆಯ ಎ.ಸಿ. ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿ.ಸಿ.ಗೆ ಬದಲಿಸುವುದು, ಬ್ಯಾಟರಿ ತುಂಬುತ್ತ ಬಂದಂತೆ ಪ್ರವಾಹವನ್ನು ತಗ್ಗಿಸುವುದು ಎಲ್ಲವೂ ಅದರ ಕೆಲಸ. ಹೆದ್ದಾರಿಯ ಡಿ.ಸಿ. ಕೇಂದ್ರಗಳ ಸಂಗತಿ ಬೇರೆ. ಆದರೆ ಮನೆಯ ಗೋಡೆಗೆ ಹಾಕಿಸುವ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಸಿಗುವುದು ಒಂದು ದಪ್ಪ ರಿಲೇ (ವಿದ್ಯುತ್ತಿನಿಂದಲೇ ಮುಚ್ಚಿ ತೆರೆಯುವ ಸ್ವಿಚ್), ಸೋರಿಕೆಯನ್ನು ಪತ್ತೆಹಚ್ಚುವ ಸುರುಳಿ, ಚಿಕ್ಕದೊಂದು ಮೈಕ್ರೊಕಂಟ್ರೋಲರ್ ಮತ್ತು ಕಾರಿನೊಡನೆ ಮಾತನಾಡಲು ಒಂದೇ ಒಂದು ತಂತಿ. ಹಾಗಾಗಿಯೇ ಎಲೆಕ್ಟ್ರಾನಿಕ್ಸ್ ಬಲ್ಲ ಹವ್ಯಾಸಿಗಳು ಇದನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಓಪನ್‌ಇವಿಎಸ್‌ಇ ಎಂಬ ಮುಕ್ತ ಯೋಜನೆಯವರು ಸರ್ಕ್ಯೂಟ್ ನಕ್ಷೆಯನ್ನೂ ಪ್ರೋಗ್ರಾಮನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಪೆಟ್ಟಿಗೆ ಕಟ್ಟುವುದು ಈ ಕೆಲಸದ ಸುಲಭದ ಭಾಗ. ಕಷ್ಟವಿರುವುದು ಅದರ ಹಿಂದಿನ ಗೋಡೆಯಲ್ಲಿ ಮತ್ತು ಅಂಗಳದ ಮಣ್ಣಿನಲ್ಲಿ.

ಮೊದಲು ಆ ಒಂದು ತಂತಿಯ ವಿಚಾರ ಹೇಳಬೇಕು, ಏಕೆಂದರೆ ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಅಚ್ಚುಕಟ್ಟಾದ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಭಾರತದ ಕಾರುಗಳಲ್ಲಿರುವ ಟೈಪ್-2 ಪ್ಲಗ್ಗನ್ನು ಗಮನಿಸಿ. ಏಳು ಪಿನ್ನುಗಳಲ್ಲಿ ಮೇಲಿನ ಎರಡು ಚಿಕ್ಕವು. ಅವುಗಳಲ್ಲೊಂದು ಕಂಟ್ರೋಲ್ ಪೈಲಟ್, ಆ ಮಾತಿನ ತಂತಿ ಬಂದು ಸೇರುವ ಪಿನ್. ಪ್ಲಗ್ ಖಾಲಿ ನೇತಾಡುತ್ತಿರುವಾಗ ಪೆಟ್ಟಿಗೆ ಇದರ ಮೇಲೆ 12 ವೋಲ್ಟ್ ಇಟ್ಟು ಕಾಯುತ್ತದೆ. ಆಗ ದೊಡ್ಡ ಪಿನ್ನುಗಳಲ್ಲಿ ವಿದ್ಯುತ್ತಿರುವುದಿಲ್ಲ, ರಿಲೇ ತೆರೆದೇ ಇರುತ್ತದೆ. ಪ್ಲಗ್ಗನ್ನು ಕಾರಿಗೆ ಸಿಕ್ಕಿಸಿದೊಡನೆ ಕಾರಿನೊಳಗಿನ 2,740 ಓಮ್‌ಗಳ ರೆಸಿಸ್ಟರ್ ಆ ವೋಲ್ಟೇಜನ್ನು 9ಕ್ಕೆ ಎಳೆಯುತ್ತದೆ. ಯಾರೋ ಬಂದಿದ್ದಾರೆಂದು ಪೆಟ್ಟಿಗೆಗೆ ತಿಳಿಯುತ್ತದೆ. ಅದು ಸೆಕೆಂಡಿಗೆ 1,000 ಸಲ ಮೇಲಕ್ಕೂ ಕೆಳಕ್ಕೂ ನೆಗೆಯುವ ಚೌಕಾಕಾರದ ಅಲೆಯನ್ನು ಕಳುಹಿಸತೊಡಗುತ್ತದೆ. ಪ್ರತಿ ಅಲೆಯಲ್ಲಿ ವೋಲ್ಟೇಜು ಎಷ್ಟು ಹೊತ್ತು ಮೇಲಿರುತ್ತದೆ ಎಂಬುದೇ ಸಂದೇಶ. ಆ ಶೇಕಡಾವಾರನ್ನು 0.6ರಿಂದ ಗುಣಿಸಿದರೆ ಕಾರು ಎಳೆದುಕೊಳ್ಳಬಹುದಾದ ಗರಿಷ್ಠ ಆಂಪಿಯರ್ ಸಿಗುತ್ತದೆ. ಅಲೆ ಶೇ. 10ರಷ್ಟು ಹೊತ್ತು ಮೇಲಿದ್ದರೆ 6 ಆಂಪಿಯರ್, ಶೇ. 50 ಆದರೆ 30. ನಮ್ಮ ಮನೆಯ 16 ಆಂಪಿಯರಿಗೆ ಸುಮಾರು ಶೇ. 26.7. ಕಾರು ಇದನ್ನು ಓದಿಕೊಂಡು, ಸಿದ್ಧವಾದಾಗ ಇನ್ನೊಂದು ರೆಸಿಸ್ಟರನ್ನು ಜೋಡಿಸುತ್ತದೆ. ಅಲೆಯ ಮೇಲ್ತುದಿ 9ರಿಂದ 6 ವೋಲ್ಟಿಗೆ ಇಳಿಯುತ್ತದೆ. ಟಕ್ಕೆಂದು ರಿಲೇ ಮುಚ್ಚಿಕೊಂಡು ವಿದ್ಯುತ್ ಹರಿಯುವುದು ಆಗ ಮಾತ್ರ.

ಅಲೆಯ ಕೆಳತುದಿ ಸೊನ್ನೆಗೆ ನಿಲ್ಲದೆ ಋಣ 12 ವೋಲ್ಟಿನವರೆಗೆ ಇಳಿಯುವುದೇಕೆ? ಈ ವ್ಯವಸ್ಥೆಯ ನಿಜವಾದ ಜಾಣತನ ಇಲ್ಲಿದೆ. ಕಾರಿನ ರೆಸಿಸ್ಟರಿನ ಮುಂದೆ ಒಂದು ಡಯೋಡ್ ಕೂತಿದೆ. ಅದು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಅಲೆಯ ಮೇಲ್ಭಾಗ ಮಾತ್ರ ಕುಗ್ಗುತ್ತದೆ, ಕೆಳಭಾಗ ಋಣ 12ರಲ್ಲೇ ಉಳಿಯುತ್ತದೆ. ಈಗ ಪ್ಲಗ್ಗಿನೊಳಗೆ ಮಳೆನೀರು ಸೇರಿತು ಎನ್ನೋಣ, ಅಥವಾ ಮಗುವೊಂದು ಒದ್ದೆ ಬೆರಳು ಹಾಕಿತು ಎನ್ನೋಣ. ನೀರಿಗಾಗಲಿ ಬೆರಳಿಗಾಗಲಿ ದಿಕ್ಕಿನ ಭೇದವಿಲ್ಲ. ಅವು ಮೇಲ್ಭಾಗವನ್ನೂ ಕೆಳಭಾಗವನ್ನೂ ಒಟ್ಟಿಗೆ ಕುಗ್ಗಿಸುತ್ತವೆ. ಋಣ 12 ಕಾಣಿಸದಿದ್ದರೆ ಎದುರಿಗಿರುವುದು ಕಾರಲ್ಲ ಎಂದು ಪೆಟ್ಟಿಗೆ ತೀರ್ಮಾನಿಸುತ್ತದೆ, ರಿಲೇ ಮುಚ್ಚುವುದಿಲ್ಲ. ಮಳೆಯಲ್ಲಿ ಕಾರು ಚಾರ್ಜ್ ಮಾಡಿದರೆ ಶಾಕ್ ಹೊಡೆಯುತ್ತದೆ ಎಂಬ ಭಯ ಎಷ್ಟೋ ವಿದ್ಯಾವಂತರಲ್ಲೂ ಇದೆ. ಕೆಲವು ಪೈಸೆಗಳ ಒಂದು ಡಯೋಡು ಆ ಭಯಕ್ಕೆ ಉತ್ತರ ಕೊಟ್ಟು ಕುಳಿತಿದೆ. ಚಾರ್ಜ್ ಆಗುತ್ತಿರುವಾಗಲೇ ಪ್ಲಗ್ ಕಿತ್ತರೂ ಗಾಬರಿಯಿಲ್ಲ. ಪೈಲಟ್ ಪಿನ್ನಿನ ಸಂಪರ್ಕ ಮೊದಲು ತಪ್ಪುವಂತೆ ಅದನ್ನು ಗಿಡ್ಡವಾಗಿ ಮಾಡಿದ್ದಾರೆ. ದೊಡ್ಡ ಪಿನ್ನುಗಳು ಬಿಟ್ಟುಕೊಳ್ಳುವ ಹೊತ್ತಿಗೆ ರಿಲೇ ತೆರೆದಿರುತ್ತದೆ, ಕಿಡಿ ಹಾರುವುದಿಲ್ಲ.

ಮನೆಯಲ್ಲೇ ಕಾರು ಚಾರ್ಜ್ ಮಾಡುವುದು ಹೊಸ ಸಂಗತಿಯೇನಲ್ಲ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದು 1905ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಅಮೆರಿಕದ ಪೀಟರ್ ಕೂಪರ್ ಹೆವಿಟ್ ಪಾದರಸದ ಆವಿ ತುಂಬಿದ ಗಾಜಿನ ಬುರುಡೆಯಲ್ಲಿ ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರನ್ನು ರೂಪಿಸಿದ. ಮುಂದೆ ಅಲ್ಲಿನ ಸಿರಿವಂತರ ಗ್ಯಾರೇಜುಗಳಲ್ಲಿ ಆ ಬುರುಡೆಗಳು ನೀಲಿ ಬೆಳಕು ಚೆಲ್ಲುತ್ತ ಡೆಟ್ರಾಯಿಟ್ ಎಲೆಕ್ಟ್ರಿಕ್‌ನಂಥ ಕಾರುಗಳ ಬ್ಯಾಟರಿ ತುಂಬಿದವು. ಆಗ ಚಾರ್ಜರ್ ನಿಜಕ್ಕೂ ಗೋಡೆಯ ಮೇಲಿತ್ತು. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾಗಿ ಮಾರುಕಟ್ಟೆಗೆ ಬಂದ ರೇವಾ ಕಾರು ಮನೆಯ ಸಾಮಾನ್ಯ 15 ಆಂಪಿಯರ್ ಸಾಕೆಟ್ಟಿನಲ್ಲೇ ಚಾರ್ಜ್ ಆಗುತ್ತಿತ್ತು. ಪುಟ್ಟ ಸೀಸ-ಆಮ್ಲ ಬ್ಯಾಟರಿಯ ಆ ಕಾರಿಗೆ ಅಷ್ಟು ಸಾಕಿತ್ತು. ಇಂದಿನ ಕಾರಿನ ಬ್ಯಾಟರಿ 30 ಯೂನಿಟ್ ಹಿಡಿಸುತ್ತದೆ ಎಂದರೂ 3.3 ಕಿಲೋವ್ಯಾಟಿನಲ್ಲಿ ಪೂರ್ತಿ ತುಂಬಲು ಒಂಬತ್ತು ತಾಸು ಬೇಕು. ಸಾಕೆಟ್ ಒಂದೇ, ಅದರ ಮೇಲಿನ ದುಡಿತ ಬೇರೆ.

ಗೀಸರ್ ಇಪ್ಪತ್ತು ನಿಮಿಷ ಎಳೆದು ಸುಮ್ಮನಾಗುತ್ತದೆ. ಕಾರು ರಾತ್ರಿಯಿಡೀ ಎಳೆಯುತ್ತದೆ. ಹಳೆಯ ಸಾಕೆಟ್ಟಿನ ಹಿತ್ತಾಳೆಯ ಹಿಡಿಕೆ ಸಡಿಲವಾಗಿ, ಪಿನ್ ತಾಗುವ ಜಾಗದಲ್ಲಿ 0.1 ಓಮ್ ರೋಧ ಹುಟ್ಟಿಕೊಂಡಿದೆ ಎಂದಿಟ್ಟುಕೊಳ್ಳಿ. 16 ಆಂಪಿಯರಿನ ವರ್ಗ 256, ಅದರ ಹತ್ತನೇ ಒಂದು ಭಾಗ 25.6 ವ್ಯಾಟ್. ಅಂದರೆ ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿಯೊಂದನ್ನು ಸ್ವಿಚ್ ಹಾಕಿ, ರಾತ್ರಿಯಿಡೀ ಸಾಕೆಟ್ಟಿನೊಳಗೆ ಬಿಟ್ಟಂತೆ. ಫೇಸ್ ರಂಧ್ರದ ಸುತ್ತ ಬಿಳಿ ಪ್ಲಾಸ್ಟಿಕ್ ಮೊದಲು ಹಳದಿಯಾಗಿ, ಆಮೇಲೆ ಕಂದಾಗುತ್ತದೆ, ಪ್ಲಗ್ ಕಿತ್ತಾಗ ಸುಟ್ಟ ಮೀನಿನಂಥ ವಾಸನೆ ಬರುತ್ತದೆ. ಪ್ರವಾಹ ಮಿತಿ ಮೀರಿದರೆ ಕಡಿಯುವ ಸ್ವಿಚ್ಚಾದ ಎಂಸಿಬಿ ಇದನ್ನು ಗುರುತಿಸಲಾರದು, ಏಕೆಂದರೆ ಪ್ರವಾಹ ಮಿತಿಯೊಳಗೇ ಇದೆ. ಗೋಡೆಯ ಪೆಟ್ಟಿಗೆಯ ದೊಡ್ಡ ಲಾಭವೂ ಇದೇ: ಅಲ್ಲಿ ಸಾಕೆಟ್ಟೇ ಇಲ್ಲ, ತಂತಿ ನೇರವಾಗಿ ತಿರುಪಿನಡಿ ಬಿಗಿದಿರುತ್ತದೆ. ಮೀಟರಿನಿಂದ ಅಲ್ಲಿಗೆ ಬೇರೆ ಯಾವುದಕ್ಕೂ ಹಂಚದ ಪ್ರತ್ಯೇಕ ತಾಮ್ರದ ತಂತಿ ಬರಬೇಕು. ದೂರ ಇಪ್ಪತ್ತು ಮೀಟರ್ ಇದ್ದರೆ 16 ಆಂಪಿಯರಿಗೂ ನಾನು 4 ಚದರ ಮಿಲಿಮೀಟರಿಗಿಂತ ತೆಳ್ಳಗಿನದನ್ನು ಒಪ್ಪುವುದಿಲ್ಲ. ಈ ಭಾಗವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರೇ ಮಾಡಬೇಕು. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇರುವ ಮನೆಯಲ್ಲಿ 7.2 ಕಿಲೋವ್ಯಾಟ್ ಎಳೆಯುವ ಯೋಚನೆಯಿದ್ದರೆ ಮೊದಲು ಲೋಡ್ ಹೆಚ್ಚಿಸಿಕೊಳ್ಳಬೇಕು. ಕರ್ನಾಟಕದಲ್ಲಿ ವಿದ್ಯುತ್ ವಾಹನಗಳ ಚಾರ್ಜಿಂಗಿಗೆಂದೇ ಬೇರೆ ದರವರ್ಗವೂ ಇದೆ.

ಇನ್ನು ಅರ್ಥಿಂಗ್. ಇಲ್ಲಿ ನನಗೆ ತಾಳ್ಮೆ ಉಳಿಯುವುದಿಲ್ಲ. ಕಾರಿನ ಜೊತೆ ಬರುವ ಕೇಬಲ್ ಅರ್ಥಿಂಗ್ ಸರಿಯಿಲ್ಲವೆಂದು ಕೆಂಪು ದೀಪ ತೋರಿಸಿದಾಗ, ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಕಟ್ಟಿ ದೀಪವನ್ನು ಹಸಿರು ಮಾಡಿಕೊಡುವವರಿದ್ದಾರೆ. ಕೇಬಲ್ ಮೋಸಹೋಗುತ್ತದೆ, ಕಾರು ಚಾರ್ಜ್ ಆಗುತ್ತದೆ. ಆಮೇಲೊಂದು ದಿನ ಕಂಬದಲ್ಲೋ ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ ಕಡಿಯುತ್ತದೆ. ಆಗ ಫ್ರಿಜ್, ಬಲ್ಬುಗಳ ಮೂಲಕ ಹಾದುಬಂದ ಫೇಸ್ ವೋಲ್ಟೇಜಿಗೆ ಹಿಂದಿರುಗುವ ದಾರಿಯಿಲ್ಲ. ಅದು ಆ ತುಂಡು ತಂತಿಯ ಮೂಲಕ ಕಾರಿನ ಮೈಗೇರುತ್ತದೆ. ಕಾರು ರಬ್ಬರ್ ಟೈರುಗಳ ಮೇಲೆ ನಿಂತಿದೆ, ಮೈಯಲ್ಲಿ 230 ವೋಲ್ಟ್. ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ, ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿಗೆ ಕೈ ಹಾಕಿದವರ ದೇಹವೇ ಅದಕ್ಕೆ ದಾರಿಯಾಗುತ್ತದೆ. ಇದನ್ನು ಮಾಡಿಕೊಡುವವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಸರಿಯಾದ ದಾರಿ ಹಳೆಯದೇ: ಆಳದ ಗುಂಡಿ, ಕೊಳವೆ ಅಥವಾ ತಾಮ್ರದ ಲೇಪವಿರುವ ಸರಳು, ಸುತ್ತ ತೇವ ಹಿಡಿದಿಡುವ ಮಿಶ್ರಣ. ಇದ್ದಿಲು-ಉಪ್ಪಿನ ಹಳೆಯ ಗುಂಡಿಯಾದರೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಮಣ್ಣು ಒಣಗಿದಷ್ಟೂ ರೋಧ ಏರುತ್ತದೆ. ಆದರೆ ಒಳ್ಳೆಯ ಅರ್ಥಿಂಗ್ ಒಂದೇ ಜೀವ ಉಳಿಸುತ್ತದೆ ಎಂಬುದೂ ತಪ್ಪು ನಂಬಿಕೆ. ಗುಂಡಿಯ ರೋಧ 10 ಓಮ್ ಇದ್ದು ಫೇಸ್ ತಂತಿ ಕಾರಿನ ಮೈಗೆ ತಾಗಿದರೆ ಮಣ್ಣಿಗೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. 32 ಆಂಪಿಯರಿನ ಎಂಸಿಬಿ ಅಲುಗಾಡುವುದೇ ಇಲ್ಲ. ಅಲ್ಲಿ ಬೇಕಾದುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ ಅಷ್ಟು ವ್ಯತ್ಯಾಸ ಕಂಡರೆ ಅದು ಕಣ್ಣುಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಹಿಡಿದ ತಂತಿಯನ್ನು ಮನುಷ್ಯ ಎಷ್ಟು ಪ್ರವಾಹದವರೆಗೆ ತಾನೇ ಬಿಡಬಲ್ಲ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್, 1961ರಲ್ಲಿ ಇದೇ ತತ್ತ್ವದ ಇನ್ನೂ ಸೂಕ್ಷ್ಮವಾದ ಸಾಧನವನ್ನು ಅಮೆರಿಕಕ್ಕೆ ಕೊಟ್ಟರು.

ಕಾರಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಳಗಿನ ಚಾರ್ಜರ್ ಕೆಟ್ಟರೆ ಡಿ.ಸಿ. ಸೋರಬಹುದು. ಅದು ಆರ್‌ಸಿಸಿಬಿಯ ಕಬ್ಬಿಣದ ಬಳೆಯನ್ನು ಒಂದೇ ದಿಕ್ಕಿಗೆ ಕಾಂತಗೊಳಿಸಿ ಕುರುಡಾಗಿಸುತ್ತದೆ. ನಿಮ್ಮ ಮನೆಯ ಆರ್‌ಸಿಸಿಬಿಯ ಮುಖ ನೋಡಿ: ಒಂದೇ ಒಂದು ಅಲೆಯ ಗುರುತಿದ್ದರೆ ಅದು ಎ.ಸಿ. ಬಗೆಯದು, ಕಾರಿಗೆ ಸಲ್ಲದು. ಅಲೆಯ ಕೆಳಗೆ ಅರ್ಧ ಅಲೆಗಳ ಗುರುತೂ ಇದ್ದರೆ ಎ ಬಗೆ. ಅದರ ಜೊತೆಗೆ ಪೆಟ್ಟಿಗೆಯೊಳಗೆ 6 ಮಿಲಿಆಂಪಿಯರ್ ಡಿ.ಸಿ. ಸೋರಿಕೆಗೆ ಕಡಿಯುವ ಸೆನ್ಸರ್ ಇರಬೇಕು. ಸ್ವಂತವಾಗಿ ಕಟ್ಟುವವರು ದುಡ್ಡು ಉಳಿಸಲು ಮೊದಲು ಬಿಡುವುದು ಇದನ್ನೇ, ಬಿಡಲೇಬಾರದ್ದೂ ಇದೇ.

ಕಟ್ಟಿದ ಮೇಲೆ ನೇರವಾಗಿ ಕಾರಿಗೆ ಸಿಕ್ಕಿಸುವ ಆತುರ ಬೇಡ. ಒಂದು ಡಯೋಡ್, 2,740 ಮತ್ತು 1,300 ಓಮ್‌ಗಳ ಎರಡು ರೆಸಿಸ್ಟರ್, ಒಂದು ಸ್ವಿಚ್ ಸೇರಿಸಿದರೆ ಪೆಟ್ಟಿಗೆಯ ಮಟ್ಟಿಗೆ ಅದೇ ಕಾರು. ಸ್ವಿಚ್ ಹಾಕಿದಾಗ ರಿಲೇ ಮುಚ್ಚಬೇಕು, ತೆಗೆದಾಗ ತೆರೆಯಬೇಕು, ಡಯೋಡನ್ನು ತಂತಿಯಿಂದ ದಾಟಿಸಿದಾಗ ಪೆಟ್ಟಿಗೆ ತಪ್ಪನ್ನು ಹಿಡಿಯಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನೂ ಒತ್ತಿ ನೋಡಿ. ಇಷ್ಟೂ ಸರಿಯಾದ ಮೇಲೆ ನಿಜವಾದ ಕಾರಿಗೆ 6 ಆಂಪಿಯರಿನಲ್ಲಿ ಶುರುಮಾಡಿ, ಒಂದು ಗಂಟೆ ಬಿಟ್ಟು ಪ್ಲಗ್ಗನ್ನೂ ಕೇಬಲ್ಲನ್ನೂ ಪೆಟ್ಟಿಗೆಯ ಹೊರಮೈಯನ್ನೂ ಮುಟ್ಟಿ ನೋಡಿ. ಎಲ್ಲೂ ಬಿಸಿಯಾಗಿರದಿದ್ದರೆ 16ಕ್ಕೆ ಏರಿಸಬಹುದು.