ಗಿಯರ್‌ಬಾಕ್ಸ್ ಇಳಿಸುವ ಮೊದಲು ಪೆಡಲ್ ನೋಡಿ

ಕಾಸರಗೋಡು ಜಿಲ್ಲೆಯ ಪನತ್ತಡಿಯಿಂದ ರಾಣಿಪುರಂ ಬೆಟ್ಟಕ್ಕೆ ಏರುವ ರಸ್ತೆ. ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಜೋಡಿಸಿದ ಹಳೆ ವ್ಯಾನ್ ಎರಡನೇ ಗಿಯರಿನಲ್ಲಿದೆ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರುತ್ತದೆ, ವ್ಯಾನ್ ಮಾತ್ರ ಇದ್ದ ವೇಗದಲ್ಲೇ ಇದೆ. ಕೂದಲು ಸುಟ್ಟ ಹಾಗಿನ ವಾಸನೆ ಮೂಗಿಗೆ ಬಡಿಯುತ್ತದೆ. ‘ಕ್ಲಚ್ ಹೋಯಿತು’ ಎನ್ನುತ್ತೇವೆ. ಗಿಯರ್‌ಬಾಕ್ಸ್ ಇಳಿಸಿ ಇಡೀ ಸೆಟ್ ಬದಲಿಸಲು ಹೊರಡುತ್ತೇವೆ. ಆದರೆ ದೋಷ ಹೊರಗಿನ ಒಂದು ನಟ್ಟಿನಲ್ಲೋ ಕೇಬಲಿನಲ್ಲೋ ರಬ್ಬರ್ ಕಪ್ಪಿನಲ್ಲೋ ಇರಬಹುದು. ಅದನ್ನು ಅರ್ಧ ಗಂಟೆಯಲ್ಲಿ ತಿಳಿಯಬಹುದು.

ಕ್ಲಚ್ಚಿಗೆ ಇರುವುದು ಎರಡೇ ಕೆಲಸ: ಹಿಡಿಯುವುದು, ಬಿಡುವುದು. ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಒಂದು ಕಡೆ, ಪ್ರೆಷರ್ ಪ್ಲೇಟ್ ಇನ್ನೊಂದು ಕಡೆ. ನಡುವೆ ಗಿಯರ್‌ಬಾಕ್ಸಿನ ಶಾಫ್ಟಿಗೆ ಕೂರುವ ಕ್ಲಚ್ ಪ್ಲೇಟ್. ಬಟ್ಟಲಿನಾಕಾರದ ಡಯಾಫ್ರಮ್ ಸ್ಪ್ರಿಂಗ್ ಮೂರನ್ನೂ ಒತ್ತಿ ಹಿಡಿದಿರುತ್ತದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಆ ಸ್ಪ್ರಿಂಗಿನ ನಡುವಿನ ಬೆರಳುಗಳನ್ನು ತಳ್ಳುತ್ತದೆ, ಹಿಡಿತ ಸಡಿಲುತ್ತದೆ. ಹಿಡಿಯದ ಕ್ಲಚ್ಚಿನ ಮದ್ದು ಬೇರೆ, ಬಿಡದ ಕ್ಲಚ್ಚಿನ ಮದ್ದು ಬೇರೆ. ಆದ್ದರಿಂದ ಮೊದಲು ಯಾವುದು ಎಂದು ಗೊತ್ತು ಮಾಡಿಕೊಳ್ಳಬೇಕು.

ಹಿಡಿತ ನೋಡಲು ವ್ಯಾನನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮುರಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆಯಿರಿ. ವ್ಯಾನಿನ ಮುಂದೆ ಯಾರೂ ನಿಂತಿರಬಾರದು. ಎಂಜಿನ್ ಚಾಲೂ ಮಾಡಿ ನಾಲ್ಕನೇ ಗಿಯರ್ ಹಾಕಿ, ಸ್ವಲ್ಪವೇ ಆಕ್ಸಿಲರೇಟರ್ ಕೊಟ್ಟು ಪೆಡಲ್ ಬಿಡಿ. ಎಂಜಿನ್ ತಟ್ಟನೆ ನಿಂತರೆ ಹಿಡಿತ ಚೆನ್ನಾಗಿದೆ. ನಿಲ್ಲದೆ ತಿರುಗುತ್ತಲೇ ಇದ್ದರೆ ಜಾರುತ್ತಿದೆ. ಒಂದು ಸಲ ಸಾಕು, ಮತ್ತೆ ಮತ್ತೆ ಮಾಡಿದರೆ ಇರುವ ಪ್ಲೇಟೂ ಸುಡುತ್ತದೆ. ಬಿಡುಗಡೆ ನೋಡಲು, ಎಂಜಿನ್ ನಿಧಾನ ಓಡುತ್ತಿರುವಾಗ ಪೆಡಲ್ ಪೂರ್ತಿ ತುಳಿದು ಐದರವರೆಗೆ ಎಣಿಸಿ ರಿವರ್ಸ್ ಹಾಕಿ. ಕರಕರ ಎಂದರೆ ಪ್ಲೇಟ್ ಇನ್ನೂ ತಿರುಗುತ್ತಿದೆ, ಕ್ಲಚ್ ಪೂರ್ತಿ ಬಿಟ್ಟಿಲ್ಲ.

ಕ್ಯಾಂಪರ್ ವ್ಯಾನಿಗೆ ಈ ತೊಂದರೆ ಹೆಚ್ಚಾಗುವುದಕ್ಕೆ ಕಾರಣ ತೂಕ. ಜನ ಸಾಗಿಸುವ ವ್ಯಾನ್ ಬರುವಾಗಲಾದರೂ ಖಾಲಿ ಇರುತ್ತದೆ; ಕ್ಯಾಂಪರ್ ಎಂದೂ ಖಾಲಿಯಾಗುವುದಿಲ್ಲ. ನೂರು ಲೀಟರ್ ನೀರೆಂದರೆ 100 ಕಿಲೋ. ಇನ್ವರ್ಟರ್ ಬ್ಯಾಟರಿ, ಪ್ಲೈವುಡ್ ಕಪಾಟು, ಮಂಚ, ಗ್ಯಾಸ್ ಎಲ್ಲ ಅದರ ಮೇಲೆ. ಒಟ್ಟು 2500 ಕಿಲೋ ತೂಗುವ ವ್ಯಾನನ್ನು ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಬ್ರೇಕ್ ಹಿಡಿಯದೆ ಬರೀ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿದ್ದೀರಿ ಎನ್ನಿ. ಅದನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 250 ಕಿಲೋ ಭಾರಕ್ಕೆ ಸಮ. ಒಂದನೇ ಗಿಯರಿನಲ್ಲಿ ಎಂಜಿನ್ ಹದಿನೆಂಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಎಂದು ಹಿಡಿದು, ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಲೆಕ್ಕ ಹಾಕಿದರೆ, ಕ್ಲಚ್ಚಿನೊಳಗೆ ಹುಟ್ಟುವ ಬಿಸಿ ಸುಮಾರು 7 ಕಿಲೋವಾಟ್. 1000 ವಾಟ್‌ನ ಏಳು ಇಸ್ತ್ರಿಪೆಟ್ಟಿಗೆಗಳನ್ನು ಆ ಪುಟ್ಟ ಡಬ್ಬಿಯೊಳಗೆ ಒಟ್ಟಿಗೆ ಉರಿಸಿದ ಹಾಗೆ! ಪ್ಲೇಟಿನ ಮೇಲ್ಪದರವನ್ನು ಅಂಟಿಸಿ ಹಿಡಿದಿರುವ ರಾಳ ಈ ಬಿಸಿಗೆ ಕೆಡುತ್ತದೆ, ಘರ್ಷಣೆ ಇಳಿಯುತ್ತದೆ, ಇನ್ನಷ್ಟು ಜಾರುತ್ತದೆ. ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಕ್ಲಚ್ಚಿನ ಮೇಲೆ ತೂಗಿಸಬೇಡಿ.

ಈಗಾಗಲೇ ವಾಸನೆ ಬಂದಿದ್ದರೆ ಬದಿಗೆ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಪೆಡಲಿನಿಂದ ಕಾಲು ತೆಗೆದು ಇಪ್ಪತ್ತು ನಿಮಿಷ ಎಂಜಿನ್ ಓಡಲು ಬಿಡಿ. ಆಗ ಕ್ಲಚ್ಚಿಡೀ ತಿರುಗುತ್ತ ತನಗೆ ತಾನೇ ಗಾಳಿ ಹಾಕಿಕೊಳ್ಳುತ್ತದೆ. ನೀರು ಹೊಯ್ಯಬೇಡಿ, ಕಾದ ಎರಕದ ಕಬ್ಬಿಣ ಬಿರುಕು ಬಿಟ್ಟೀತು.

ಮನೆಗೆ ಬಂದ ಮೇಲೆ ಮೊದಲು ನೋಡಬೇಕಾದದ್ದು ಪೆಡಲಿನ ಆಟ. ಕೇಬಲ್ ಇರುವ ವ್ಯಾನುಗಳಲ್ಲಿ ಪೆಡಲನ್ನು ಬೆರಳಿನಿಂದ ಒತ್ತಿದರೆ ಮೊದಲ 15ರಿಂದ 25 ಮಿಲಿಮೀಟರ್ ಸಲೀಸಾಗಿ ಹೋಗಿ ಆಮೇಲೆ ಗಟ್ಟಿಯಾಗಬೇಕು. ನಿಮ್ಮ ವ್ಯಾನಿನ ಸರಿಯಾದ ಅಳತೆ ಅದರ ಕೈಪಿಡಿಯಲ್ಲಿರುತ್ತದೆ. ಇಲ್ಲಿ ಅನೇಕರು ತಲೆಕೆಳಗು ಮಾಡಿಕೊಳ್ಳುವ ಒಂದು ಸಂಗತಿ ಇದೆ. ಕೇಬಲ್ ಹಿಗ್ಗಿದರೆ ಆಟ ಜಾಸ್ತಿಯಾಗುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ. ಪ್ಲೇಟ್ ಸವೆದರೆ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಸರಿಯುತ್ತವೆ, ಆಟ ಕಡಿಮೆಯಾಗುತ್ತದೆ. ಅದು ಸೊನ್ನೆಗೆ ಇಳಿದಾಗ ನೀವು ಕಾಲಿಡದಿದ್ದರೂ ಬೇರಿಂಗ್ ಸ್ಪ್ರಿಂಗನ್ನು ಒತ್ತುತ್ತಲೇ ಇರುತ್ತದೆ. ಆಗ ಪ್ಲೇಟಿನಲ್ಲಿ ಇನ್ನೂ ದಪ್ಪ ಉಳಿದಿದ್ದರೂ ಜಾರುತ್ತದೆ. ಬೇರಿಂಗನ್ನು ತಳ್ಳುವ ಸನ್ನೆಯಾದ ಫೋರ್ಕಿನ ತುದಿಯ ನಟ್ಟನ್ನು ಸಡಿಲಿಸಿ ಆಟ ಕೊಟ್ಟರೆ ಜಾರುವಿಕೆ ನಿಂತೀತು. ಸ್ಪ್ಯಾನರ್ ಒಂದೇ ಸಾಕಾಗುವ ಕೆಲಸ. ಕುಂಬಳೆ, ಉಪ್ಪಳದಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಕೇಬಲಿನ ಎಳೆಗಳು ತುಕ್ಕು ಹಿಡಿಯುತ್ತವೆ. ಪೆಡಲ್ ಬಿಗಿಯಾಗುತ್ತ ಬಂದರೆ ಎರಡು ತುದಿಗಳನ್ನು ನೋಡಿ. ಒಂದೇ ಎಳೆ ಹರಿದು ಮುಳ್ಳಿನ ಹಾಗೆ ಎದ್ದಿದ್ದರೂ ಬದಲಿಸಿ.

ಕೇಬಲಿನ ಬದಲು ದ್ರವದ ಒತ್ತಡದಿಂದ ನಡೆಯುವ (ಹೈಡ್ರಾಲಿಕ್) ಕ್ಲಚ್ಚಿನಲ್ಲಿ ಪತ್ತೆ ಬೇರೆ ರೀತಿ. ಪ್ಲೇಟ್ ಸವೆದಂತೆ, ದ್ರವ ತುಂಬಿಡುವ ಡಬ್ಬಿಯಲ್ಲಿ (ಕ್ಲಚ್ ಕಪ್) ಅದರ ಮಟ್ಟ ಕಡಿಮೆಯಾಗುವುದಿಲ್ಲ, ಸ್ವಲ್ಪ ಏರುತ್ತದೆ. ಇಳಿದಿದ್ದರೆ ಸೋರಿಕೆಯೇ ಸರಿ. ಪೆಡಲಿನ ಮೇಲ್ಭಾಗದ ಕಡ್ಡಿಯ ಸುತ್ತ ಬೆರಳಾಡಿಸಿ. ಒದ್ದೆಯಾದರೆ ಸೋರುತ್ತಿರುವುದು ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ತುಳಿದಾಗ ದ್ರವವನ್ನು ತಳ್ಳುವ ಪಂಪು. ಕೆಳಗೆ, ಆ ದ್ರವದ ಒತ್ತಡದಿಂದ ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಬಿಡಿಸಿ. ಒಳಗೆ ದ್ರವ ನಿಂತಿದ್ದರೆ ಅದರೊಳಗಿನ ರಬ್ಬರ್ ಕಪ್ ಹೋಗಿದೆ. ಎಲ್ಲೂ ಸೋರದೆ, ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಒಳಗೊಳಗೇ ಬಿಡುತ್ತಿದೆ. ಎರಡು ಮೂರು ಸಲ ತುಳಿದಾಗಷ್ಟೇ ಗಟ್ಟಿಯಾದರೆ ಗಾಳಿ ಸೇರಿದ ಅನುಮಾನ. ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬರು ಪೆಡಲ್ ತುಳಿದು ಹಿಡಿದಾಗ ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ಗಾಳಿ ಬಿಡುವ ತಿರುಪನ್ನು (ನಿಪ್ಪಲ್) ಕಾಲು ಸುತ್ತು ಬಿಡಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿ ಮಾಡಬೇಕು, ಪೆಡಲ್ ಬಿಡುವುದು ಅದರ ನಂತರ. ದ್ರವದ ಡಬ್ಬಿ ನಡುವೆ ಖಾಲಿಯಾದರೆ ಕೆಲಸ ಮತ್ತೆ ಮೊದಲಿನಿಂದ. ಈ ದ್ರವ ಗಾಳಿಯ ತೇವ ಹೀರುತ್ತದೆ. ಆಟಿ ತಿಂಗಳಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಹಲಸಿನ ಹಪ್ಪಳ ಮೆದುವಾಗುವ ಹಾಗೆ. ಡಾಟ್ 4 ದರ್ಜೆಯ ಬ್ರೇಕ್–ಕ್ಲಚ್ ದ್ರವದ ಕುದಿಬಿಂದು ಹೊಸತಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂಬುದು ನಿಯಮ. ತೇವ ಹೀರಿದ ಮೇಲೆ ಅದೇ ನಿಯಮದ ಅಂಕಿ 155. ಎರಡು ವರ್ಷಕ್ಕೊಮ್ಮೆ ಬದಲಿಸಿ, ತೆರೆದಿಟ್ಟ ಹಳೆ ಬಾಟಲಿಯದ್ದು ಹಾಕಬೇಡಿ.

ನಮ್ಮ ಮಳೆಗಾಲ ಇನ್ನೊಂದು ತೊಂದರೆ ತರುತ್ತದೆ. ಜೂನ್‌ನಲ್ಲಿ ನಿಲ್ಲಿಸಿದ ವ್ಯಾನನ್ನು ಸೆಪ್ಟೆಂಬರಿನಲ್ಲಿ ಚಾಲೂ ಮಾಡಿದರೆ ಗಿಯರೇ ಬೀಳುವುದಿಲ್ಲ. ಫ್ಲೈವೀಲ್ ಮೇಲೆ ತುಕ್ಕು ಬಂದು ಪ್ಲೇಟ್ ಅದಕ್ಕೆ ಅಂಟಿಕೊಂಡಿರುತ್ತದೆ. ಒಬ್ಬರು ಪೆಡಲ್ ತುಳಿಯುವಾಗ ಕೆಳಗೆ ಫೋರ್ಕ್ ಎಂದಿನಷ್ಟು ಸರಿಯುತ್ತದೆಯೇ ನೋಡಿ. ಸರಿಯುತ್ತಿದ್ದೂ ಕ್ಲಚ್ ಬಿಡದಿದ್ದರೆ ಅಂಟಿದ್ದೇ ಇರಬೇಕು. ಎಂಜಿನನ್ನು ಹದಿನೈದು ನಿಮಿಷ ಬಿಸಿ ಮಾಡಿ ನಿಲ್ಲಿಸಿ. ಜನರಿಲ್ಲದ ಬಯಲಿನಲ್ಲಿ ಎರಡನೇ ಗಿಯರ್ ಹಾಕಿ, ಪೆಡಲ್ ತುಳಿದೇ ಸ್ಟಾರ್ಟ್ ಮಾಡಿ; ವ್ಯಾನ್ ಕೂಡಲೇ ಹೊರಡುತ್ತದೆ, ಎಚ್ಚರ. ಪೆಡಲ್ ಬಿಡದೆ ಆಕ್ಸಿಲರೇಟರನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿ. ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ. ಅಂಟದಿರಲು ಹದಿನೈದು ದಿನಕ್ಕೊಮ್ಮೆ ಐದು ಕಿಲೋಮೀಟರ್ ಓಡಿಸಿದರೆ ಸಾಕು.

ಇಷ್ಟೆಲ್ಲ ನೋಡಿಯೂ ಜಾರುತ್ತಿದ್ದರೆ ಗಿಯರ್‌ಬಾಕ್ಸ್ ಇಳಿಸಲೇಬೇಕು. ಪ್ಲೇಟಿನ ರಿವೆಟ್ ತಲೆಗಳು ಮೇಲ್ಪದರಕ್ಕಿಂತ ಅರ್ಧ ಮಿಲಿಮೀಟರ್ ಕೂಡ ಆಳದಲ್ಲಿಲ್ಲದಿದ್ದರೆ ಪ್ಲೇಟ್ ಮುಗಿದಿದೆ. ಎಣ್ಣೆ ತಾಗಿದ್ದರೆ ತೊಳೆದು ಮತ್ತೆ ಹಾಕಬೇಡಿ, ಎಣ್ಣೆ ಎಲ್ಲಿಂದ ಬಂತು ಎಂದು ಹುಡುಕಿ. ಮೂಗಿಗೆ ಗಂಧಕದ ಘಾಟು ಬಂದು ಬೆರಳಿಗೆ ಜಿಗುಟಾದರೆ ಗಿಯರ್ ಎಣ್ಣೆ: ಗಿಯರ್‌ಬಾಕ್ಸಿನ ಮುಂದಿನ ಸೀಲ್. ಕಪ್ಪಾಗಿ ತೆಳುವಾಗಿದ್ದರೆ ಎಂಜಿನ್ ಎಣ್ಣೆ: ಕ್ರ್ಯಾಂಕಿನ ಹಿಂದಿನ ಸೀಲ್. ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಅದೂ ನೆನೆಯುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ತೆಗೆಯಬೇಡಿ, ಹಳೆ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಫ್ಲೈವೀಲಿನ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು ಕಂಡರೆ ಲೇತಿಗೆ ಕಳಿಸಿ. ಬಿರುಕು ಆಳವಿದ್ದರೆ ಫ್ಲೈವೀಲನ್ನೇ ಬದಲಿಸಿ. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕುವುದೇ ಲೇಸು, ಏಕೆಂದರೆ ಖರ್ಚಿನ ದೊಡ್ಡ ಪಾಲು ಇಳಿಸಿ ಏರಿಸುವ ಕೂಲಿ. ಡಮ್ಮಿ ಶಾಫ್ಟ್ ಇಟ್ಟು ಪ್ಲೇಟನ್ನು ನಡುವಿಗೆ ತಂದು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳುವಾಗಿ ಸವರಿ. ಹೆಚ್ಚಾದದ್ದು ಸಿಡಿದು ಪ್ಲೇಟಿಗೇ ಬೀಳುತ್ತದೆ.

ಹೊಸ ಪ್ಲೇಟ್ ಮೈಗೂಡಲು ಮೊದಲ 500 ಕಿಲೋಮೀಟರ್ ನೀರಿನ ಟ್ಯಾಂಕ್ ಖಾಲಿ ಇಟ್ಟು, ಮಂಜೇಶ್ವರ–ಕಾಸರಗೋಡು ಕಡೆಯ ಹೆದ್ದಾರಿಯಲ್ಲಿ ನಿಧಾನವಾಗಿ ಓಡಿಸಿ. ರಾಣಿಪುರಂ ಆಮೇಲೆ.