ಅಲೆಯುವವರು ನೆಲೆ ನಿಂತ ಕಥೆ: ಆರಂಭದ ಬೌದ್ಧ ಸಂಘ

ಆರಂಭದ ಬೌದ್ಧಧರ್ಮ ಅಂದ ಕೂಡಲೇ ನಮ್ಮ ನೋಟ್ಸ್ ಶುರುವಾಗುವುದು ನಾಲ್ಕು ಆರ್ಯಸತ್ಯ, ಅಷ್ಟಾಂಗ ಮಾರ್ಗದಿಂದ. ಅವು ಬೇಕೇ ಬೇಕು. ಆದರೆ ಅಷ್ಟನ್ನೇ ಬಾಯಿಪಾಠ ಮಾಡಿದರೆ ಒಂದು ದೊಡ್ಡ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಆ ಕಾಲದಲ್ಲಿ ಗಂಗಾ ಬಯಲಿನಲ್ಲಿ ಎಷ್ಟೋ ಗುರುಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ಅಲೆಯುತ್ತಿದ್ದರು. ಅವರಲ್ಲಿ ಹೆಚ್ಚಿನವರ ಪಂಥಗಳು ಹೇಳಹೆಸರಿಲ್ಲದೆ ಹೋದವು. ಬುದ್ಧನ ಗುಂಪು ಉಳಿದದ್ದು ಹೇಗೆ? ನನಗೆ ಇದರ ಉತ್ತರ ಸಿಕ್ಕಿದ್ದು ವಿನಯಪಿಟಕದಲ್ಲಿ, ಭಿಕ್ಷುಗಳ ದಿನನಿತ್ಯದ ನಿಯಮಗಳಲ್ಲಿ. ಹಾಗಾಗಿ ಈ ಟಿಪ್ಪಣಿಯನ್ನು ಆ ಬಾಗಿಲಿನಿಂದಲೇ ತೆರೆಯುತ್ತೇನೆ.

ಮೊದಲು ಕಾಲದ ಲೆಕ್ಕ ಮುಗಿಸೋಣ. ಬುದ್ಧನ ಜೀವಿತಕಾಲ ಎಂದು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ರಿ.ಪೂ. 563–483. ಶ್ರೀಲಂಕಾದ ಸಂಪ್ರದಾಯ ಪರಿನಿರ್ವಾಣವನ್ನು, ಅಂದರೆ ಬುದ್ಧನ ಸಾವನ್ನು, ಕ್ರಿ.ಪೂ. 544ರ ಸುಮಾರಿಗೆ ಇಡುತ್ತದೆ. ಈಗಿನ ಅನೇಕ ವಿದ್ವಾಂಸರು ಅದನ್ನು ಕ್ರಿ.ಪೂ. 400ರ ಆಸುಪಾಸಿಗೆ ತರುತ್ತಾರೆ. ಪರೀಕ್ಷೆಯಲ್ಲಿ ಮೊದಲನೆಯದನ್ನು ಬರೆದು, ಭಿನ್ನಾಭಿಪ್ರಾಯ ಇದೆ ಎಂದು ಒಂದು ಸಾಲು ಸೇರಿಸಿ. ಸಾಕು.

ಆಗಿನ ಗಂಗಾ ಬಯಲು ವೇಗವಾಗಿ ಬದಲಾಗುತ್ತಿತ್ತು. ಕಬ್ಬಿಣದ ಬಳಕೆ ಹೆಚ್ಚಿತ್ತು, ಭತ್ತದ ಬೇಸಾಯ ಹರಡಿತ್ತು. ರಾಜಗೃಹ, ಶ್ರಾವಸ್ತಿ, ವೈಶಾಲಿ, ಕೌಶಾಂಬಿ ದೊಡ್ಡ ಪಟ್ಟಣಗಳಾಗಿ ಬೆಳೆದಿದ್ದವು. ಮುದ್ರೆ ಒತ್ತಿದ ಬೆಳ್ಳಿ ನಾಣ್ಯ ಬಳಕೆಗೆ ಬಂತು. ಊರಿಂದೂರಿಗೆ ಹೋಗುವ ವ್ಯಾಪಾರಿಗೆ, ಪಟ್ಟಣಕ್ಕೆ ಹೊಸದಾಗಿ ಬಂದವನಿಗೆ ಹಳೆಯ ಯಜ್ಞಗಳ ವ್ಯವಸ್ಥೆಯಲ್ಲಿ ಅಷ್ಟು ಜಾಗ ಇರಲಿಲ್ಲ. ಅಂಥವರ ಕಿವಿಗೆ ಬಿದ್ದದ್ದು ಶ್ರಮಣರ, ಅಂದರೆ ಮನೆ ಬಿಟ್ಟು ಅಲೆಯುವ ಸನ್ಯಾಸಿಗಳ ಮಾತು. ಬುದ್ಧನ ಉಪದೇಶಗಳ ಪಾಳಿ ಸಂಗ್ರಹವಾದ ದೀಘನಿಕಾಯದ ಸಾಮಞ್ಞಫಲ ಸುತ್ತದಲ್ಲಿ (ಸುತ್ತ ಅಂದರೆ ಉಪದೇಶ) ಮಗಧದ ರಾಜ ಅಜಾತಶತ್ರು ತಾನು ಕಂಡ ಆರು ಗುರುಗಳ ಹೆಸರು ಹೇಳುತ್ತಾನೆ. ಆಜೀವಿಕರ ಮಕ್ಖಲಿ ಗೋಸಾಲ, ನಿಗಂಠ ನಾತಪುತ್ತ ಎಂದು ಪಾಳಿಯಲ್ಲಿ ಕರೆಯುವ ಮಹಾವೀರ, ಅಜಿತ ಕೇಸಕಂಬಲಿ ಮೊದಲಾದವರು. ಬುದ್ಧ ಇಂಥ ಗುಂಪಿನ ನಡುವೆ ಮಾತಾಡಿದವನು. ಇದನ್ನು ಮರೆತರೆ ಅವನ ಅರ್ಧ ಮಾತು ಅರ್ಥವಾಗುವುದಿಲ್ಲ.

‘ಸಂಘ’ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲೋಣ. ಶಾಕ್ಯರು, ಮಲ್ಲರು, ವಜ್ಜಿಗಳು ಒಬ್ಬನೇ ರಾಜನ ಕೈಕೆಳಗೆ ಇದ್ದವರಲ್ಲ. ಕ್ಷತ್ರಿಯ ಕುಲದ ಹಿರಿಯರು ಸಭೆ ಸೇರಿ ತೀರ್ಮಾನ ಮಾಡುತ್ತಿದ್ದರು. ಇಂಥ ರಾಜ್ಯಗಳಿಗೆ ಗಣ, ಸಂಘ ಎಂಬ ಹೆಸರಿತ್ತು. ಬುದ್ಧ ಹುಟ್ಟಿದ್ದೇ ಇಂಥ ಕಡೆ. ಮಹಾಪರಿನಿಬ್ಬಾಣ ಸುತ್ತದಲ್ಲಿ ವಜ್ಜಿಗಳು ಆಗಾಗ ಸಭೆ ಸೇರುತ್ತಾರೆ, ಒಗ್ಗಟ್ಟಾಗಿ ಕೂರುತ್ತಾರೆ, ಒಗ್ಗಟ್ಟಾಗಿ ಏಳುತ್ತಾರೆ. ಹೀಗಿರುವ ತನಕ ಅವರಿಗೆ ಏಳಿಗೆಯೇ ಎನ್ನುತ್ತಾನೆ ಬುದ್ಧ. ಸ್ವಲ್ಪ ಹೊತ್ತಿಗೆ ಭಿಕ್ಷುಗಳನ್ನು ಕರೆಸಿ ಹೆಚ್ಚುಕಡಿಮೆ ಅದೇ ಮಾತನ್ನು ಅವರಿಗೂ ಹೇಳುತ್ತಾನೆ. ಸಂಘದಲ್ಲಿ ಜಗಳ ಬಿದ್ದರೆ ಕಡ್ಡಿ ಹಂಚಿ, ಯಾವ ಕಡೆ ಎಷ್ಟು ಕಡ್ಡಿ ಎಂದು ಎಣಿಸುವ ಪದ್ಧತಿಯೂ ವಿನಯದಲ್ಲಿ ಇದೆ. ತನ್ನ ನಂತರ ಇವನೇ ಗುರು ಎಂದು ಬುದ್ಧ ಯಾರ ಹೆಸರನ್ನೂ ಹೇಳಲಿಲ್ಲ. ರಾಜ್ಯ ಕಟ್ಟುವ ಒಂದು ಹಳೆಯ ರೀತಿ ಅಳಿಯುತ್ತಿದ್ದಾಗ, ಅದು ಸನ್ಯಾಸಿಗಳ ಗುಂಪಿನೊಳಗೆ ಬೇರೆ ರೂಪದಲ್ಲಿ ಬದುಕಿಕೊಂಡಿತು ಎಂದು ನನಗೆ ಅನಿಸುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ವಿನಯದ ನಿಯಮಗಳು ಒಂದೇ ದಿನ ಮೇಲಿನಿಂದ ಇಳಿದು ಬಂದವಲ್ಲ. ಒಂದೊಂದರ ಹಿಂದೆಯೂ ಒಂದು ಪ್ರಸಂಗ ಹೇಳಲಾಗಿದೆ. ಮೊದಮೊದಲು ಭಿಕ್ಷುಗಳು ಮಳೆಗಾಲದಲ್ಲೂ ನಡೆಯುತ್ತಲೇ ಇದ್ದರು. ಜನ ಬೇಸರಪಟ್ಟುಕೊಂಡರು: ‘ಬೇರೆ ಪಂಥದವರೂ ಮಳೆಗಾಲಕ್ಕೆ ಒಂದು ಕಡೆ ಇರುತ್ತಾರೆ. ಹಕ್ಕಿಗಳೂ ಮರದ ತುದಿಯಲ್ಲಿ ಗೂಡು ಕಟ್ಟಿಕೊಂಡು ಕೂರುತ್ತವೆ. ಈ ಶಾಕ್ಯಪುತ್ರರು ಮಾತ್ರ ಹಸಿರು ತುಳಿದು, ಸಣ್ಣ ಜೀವಗಳನ್ನು ಕೊಂದು ತಿರುಗುತ್ತಾರಲ್ಲ!’ ಮಾತು ಬುದ್ಧನ ತನಕ ಬಂತು. ಮೂರು ತಿಂಗಳು ಒಂದೇ ಕಡೆ ನಿಲ್ಲಬೇಕು ಎಂಬ ವರ್ಷಾವಾಸದ ನಿಯಮ ಆಯಿತು. ನಮ್ಮ ಕಡೆ ಸ್ವಾಮಿಗಳು ಚಾತುರ್ಮಾಸ್ಯಕ್ಕೆ ಕೂರುವುದು ಗೊತ್ತಲ್ವಾ? ಅದೇ ಮಳೆಗಾಲ, ಅದೇ ಯೋಚನೆ.

ಒಂದು ಕಡೆ ನಿಲ್ಲಬೇಕು ಎಂದ ಮೇಲೆ ತಲೆಯ ಮೇಲೆ ಸೂರು ಬೇಕು. ರಾಜಗೃಹದ ಒಬ್ಬ ಶ್ರೇಷ್ಠಿ, ಅಂದರೆ ಸಿರಿವಂತ ವ್ಯಾಪಾರಿ, ಬೆಳಗಿನ ಜಾವ ಭಿಕ್ಷುಗಳು ಕಾಡಿನಿಂದ, ಮರದ ಬುಡದಿಂದ, ಗುಹೆಯಿಂದ ಬರುವುದನ್ನು ನೋಡಿದ. ಅವರಿಗಾಗಿ ಒಂದೇ ದಿನದಲ್ಲಿ 60 ವಿಹಾರ ಕಟ್ಟಿಸಿದ ಎನ್ನುತ್ತದೆ ವಿನಯಪಿಟಕದ ಚುಲ್ಲವಗ್ಗ ಎಂಬ ಭಾಗ. ಇಲ್ಲಿ ವಿಹಾರ ಅಂದರೆ ಇರಲು ಒಂದು ಮನೆ, ಅಷ್ಟೇ. ದೊಡ್ಡ ಮಠ ಎಂದು ಊಹಿಸಿಕೊಳ್ಳಬೇಡಿ. ಇದೇ ಶ್ರೇಷ್ಠಿಯ ತಂಗಿಯ ಗಂಡ ಶ್ರಾವಸ್ತಿಯ ಅನಾಥಪಿಂಡಿಕ. ಅವನು ಸಂಘಕ್ಕೆ ಕೊಡಲೆಂದು ಜೇತ ರಾಜಕುಮಾರನ ತೋಟವನ್ನು ಕೊಳ್ಳಲು ನೆಲದ ತುಂಬಾ ಹಣ ಹಾಸಿದ ಕಥೆ ನಿಮಗೆ ಗೊತ್ತಿರಬಹುದು.

ಆ ಕಥೆಯನ್ನು ಮಧ್ಯಪ್ರದೇಶದ ಭಾರ್ಹುತ್ ಸ್ತೂಪದ ಕಟಕಟೆಯ ಮೇಲೆ ದುಂಡಗಿನ ಚಿತ್ರವಾಗಿ ಕೆತ್ತಿದ್ದಾರೆ. ಫೋಟೊ ಸಿಕ್ಕರೆ ಬಿಡದೆ ನೋಡಿ. ಕೆಳಗೆ ಗಾಡಿ ಬಿಚ್ಚಿ ನಿಲ್ಲಿಸಿದೆ, ಎತ್ತುಗಳು ದಣಿವಾರಿಸಿಕೊಳ್ಳುತ್ತಿವೆ. ಪಕ್ಕದಲ್ಲಿ ಇಬ್ಬರು ಕೂತು ಚೌಕ ಚೌಕ ನಾಣ್ಯಗಳನ್ನು ನೆಲಕ್ಕೆ ಜೋಡಿಸುತ್ತಿದ್ದಾರೆ. ನಡುವೆ ಅನಾಥಪಿಂಡಿಕ ನೀರಿನ ಪಾತ್ರೆ ಹಿಡಿದು ಧಾರೆ ಎರೆಯಲು ನಿಂತಿದ್ದಾನೆ. ಬುದ್ಧನ ಆಕೃತಿ ಎಲ್ಲೂ ಇಲ್ಲ. ಆ ಕಾಲದ ಶಿಲ್ಪದಲ್ಲಿ ಮರ, ಪಾದದ ಗುರುತು, ಖಾಲಿ ಪೀಠವೇ ಬುದ್ಧ. ಕೆಳಗೆ ಬ್ರಾಹ್ಮಿಯಲ್ಲಿ, ಕೋಟಿ ಹಾಸಿ ಕೊಂಡ ಜೇತವನವನ್ನು ಅನಾಥಪಿಂಡಿಕ ಕೊಡುತ್ತಿದ್ದಾನೆ ಎಂದು ಬರೆದಿದೆ. ಪುರಾತತ್ತ್ವಜ್ಞ ಕನಿಂಗ್‌ಹ್ಯಾಮ್ 1873ರಲ್ಲಿ ಈ ಸ್ತೂಪದ ಅವಶೇಷ ಕಂಡುಹಿಡಿದ. ಅದರ ಬಹುಪಾಲು ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ವ್ಯಾಪಾರಿಯ ದುಡ್ಡು, ಭಿಕ್ಷುವಿನ ನೆಲೆ ಹೇಗೆ ಹೆಣೆದುಕೊಂಡವು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದಾಖಲೆ ನನಗೆ ಸಿಕ್ಕಿಲ್ಲ.

ಹೆಂಗಸರ ಸಂಘದ ಪ್ರಸಂಗವನ್ನು ಎರಡು ಸಾಲಲ್ಲಿ ದಾಟಿಸಬೇಡಿ. ಬುದ್ಧನನ್ನು ಸಾಕಿದ ಚಿಕ್ಕಮ್ಮ ಮಹಾಪಜಾಪತಿ ಗೋತಮಿ ಮೂರು ಸಲ ಕೇಳಿದಳು, ಮೂರು ಸಲವೂ ಇಲ್ಲ ಎನಿಸಿಕೊಂಡಳು. ಆಮೇಲೆ ತಲೆ ಬೋಳಿಸಿಕೊಂಡು ಕಪಿಲವಸ್ತುವಿನಿಂದ ವೈಶಾಲಿಗೆ ನಡೆದು ಬಂದಳು. ಊದಿದ ಕಾಲು, ಮೈತುಂಬ ಧೂಳು, ಬಾಗಿಲ ಹೊರಗೆ ಅಳುತ್ತಾ ನಿಂತಳು. ಬುದ್ಧನ ಆಪ್ತ ಶಿಷ್ಯ ಆನಂದ ಒಳಗೆ ಹೋಗಿ ಕೇಳಿದ: ಹೆಣ್ಣು ಅರ್ಹಂತಳಾಗಬಲ್ಲಳೇ, ಅಂದರೆ ಪೂರ್ಣ ಬಿಡುಗಡೆ ಪಡೆಯಬಲ್ಲಳೇ? ಆಗಬಲ್ಲಳು ಎಂಬ ಉತ್ತರ ಬಂದ ಮೇಲೆ ತಡೆಯಲು ಕಾರಣ ಉಳಿಯಲಿಲ್ಲ. ಆದರೂ ಎಂಟು ಷರತ್ತು ಹಾಕಲಾಯಿತು. ನೂರು ವರ್ಷ ಭಿಕ್ಷುಣಿಯಾಗಿದ್ದವಳೂ ಇವತ್ತು ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ಕೈಮುಗಿಯಬೇಕು ಎಂಬುದು ಮೊದಲನೆಯದು. ಅರ್ಹತೆ ಸಮ, ಸ್ಥಾನ ಮಾತ್ರ ಕೆಳಗೆ. ಇದು ಅನ್ಯಾಯವೇ. ಇಷ್ಟಾದರೂ ಆ ಭಿಕ್ಷುಣಿಯರ ಸ್ವಂತ ಹಾಡುಗಳು ಥೇರೀಗಾಥಾ ಎಂಬ ಸಂಗ್ರಹವಾಗಿ ನಮ್ಮ ತನಕ ಬಂದಿವೆ.

ಸಂಗೀತಿಗಳನ್ನು, ಅಂದರೆ ಭಿಕ್ಷುಗಳ ಮಹಾಸಭೆಗಳನ್ನು, ಬೇಗ ನೋಡಿಬಿಡೋಣ. ಬುದ್ಧ ತೀರಿಕೊಂಡ ಮೇಲೆ ರಾಜಗೃಹದಲ್ಲಿ ಮೊದಲ ಸಂಗೀತಿ. ಮಹಾಕಸ್ಸಪ ಕೇಳಿದ, ಉಪಾಲಿ ವಿನಯ ಹೇಳಿದ, ಆನಂದ ಸುತ್ತಗಳನ್ನು ಹೇಳಿದ. ಎಲ್ಲವೂ ಬಾಯಿಂದ ಬಾಯಿಗೆ. ಪಾಳಿ ಸುತ್ತಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುವುದು ಇದಕ್ಕೇ, ನೆನಪಿನಲ್ಲಿ ಹಿಡಿದಿಡಲು. ಅವು ಬರಹಕ್ಕೆ ಇಳಿದದ್ದು ಕ್ರಿ.ಪೂ. ಒಂದನೇ ಶತಮಾನದಲ್ಲಿ, ಶ್ರೀಲಂಕಾದಲ್ಲಿ.

ಬುದ್ಧ ತೀರಿಕೊಂಡ ಸುಮಾರು 100 ವರ್ಷದ ನಂತರ ವೈಶಾಲಿಯಲ್ಲಿ ಎರಡನೆಯ ಸಂಗೀತಿ. ಅಲ್ಲಿನ ಭಿಕ್ಷುಗಳು ಉಪೋಸಥದ (ಹುಣ್ಣಿಮೆ, ಅಮಾವಾಸ್ಯೆಯಂಥ ವ್ರತದ) ದಿನ ಕಂಚಿನ ಪಾತ್ರೆಯಲ್ಲಿ ನೀರು ತುಂಬಿಟ್ಟು, ಸಂಘಕ್ಕೆ ಕಾಸು ಹಾಕಿ ಎಂದು ಜನರನ್ನು ಕೇಳುತ್ತಿದ್ದರು. ಯಸ ಎಂಬ ಭಿಕ್ಷು ತನ್ನ ಪಾಲು ಮುಟ್ಟಲಿಲ್ಲ, ಇದು ತಪ್ಪು ಎಂದ. ಕೊಂಬಿನಲ್ಲಿ ಉಪ್ಪು ಕೂಡಿಟ್ಟುಕೊಳ್ಳಬಹುದೇ ಎಂಬುದೂ ಸೇರಿ ಒಟ್ಟು ಹತ್ತು ವಿವಾದ. ಉಪ್ಪಿಗೆಲ್ಲ ಜಗಳವಾ ಎನ್ನಬೇಡಿ. ನಾಳೆಗೆ ಕೂಡಿಡುವುದು ಶುರುವಾದರೆ ಭಿಕ್ಷೆಗೆ ಏನು ಅರ್ಥ? ನೆಲೆ ನಿಂತವರಿಗೆ ಬರುವ ಪ್ರಶ್ನೆ ಅದು. ಮುಂದೆ ಸಂಘ ಸ್ಥವಿರರು, ಮಹಾಸಾಂಘಿಕರು ಎಂಬ ಎರಡು ಪಂಗಡಗಳಾಗಿ ಒಡೆಯಿತು.

ಅಶೋಕನ ಹೊತ್ತಿಗೆ ಒಡಕು ಎಷ್ಟು ದೊಡ್ಡ ಚಿಂತೆಯಾಗಿತ್ತು ಎಂದರೆ, ಸಂಘ ಒಡೆಯುವವರಿಗೆ ಬಿಳಿ ಬಟ್ಟೆ ಉಡಿಸಿ ಹೊರಗೆ ಹಾಕಬೇಕು ಎಂದು ಸಾರನಾಥ, ಸಾಂಚಿ, ಕೌಶಾಂಬಿಯ ಶಾಸನಗಳಲ್ಲಿ ಬರೆಸಿದ. ಅಂದರೆ ಕಾವಿ ಕಳಚಿ ಗೃಹಸ್ಥರ ಬಟ್ಟೆ ತೊಡಿಸುವುದು. ಕನ್ನಡ ನಾಡಿಗೂ ಅವನ ಮಾತು ಬಂತು. ಮಸ್ಕಿ, ಕೊಪ್ಪಳ, ನಿಟ್ಟೂರು, ಸಿದ್ದಾಪುರ, ಬ್ರಹ್ಮಗಿರಿ. ಬ್ರಹ್ಮಗಿರಿಯ ಬಂಡೆಯಲ್ಲಿ ಅವನು ಹೇಳುವುದು ಇಷ್ಟು: ನಾನು ಉಪಾಸಕನಾಗಿ (ಬೌದ್ಧ ಗೃಹಸ್ಥನಾಗಿ) ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋಗಿ ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮಪಡುತ್ತಿದ್ದೇನೆ. ಬರೆದವನು ಚಪಡ. ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬ ಪದವನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬಿಟ್ಟು ಹೋಗಿದ್ದಾನೆ. ಶಾಕ್ಯರ, ವಜ್ಜಿಗಳ ಸಭೆಗೆ ಇದ್ದ ‘ಸಂಘ’ ಎಂಬ ಆ ಹೆಸರು ಮೊಳಕಾಲ್ಮೂರು ತಾಲ್ಲೂಕಿನ ಆ ಬಂಡೆಯಲ್ಲಿ ‘ಸಂಘೇ’ ಎಂದು ಇವತ್ತಿಗೂ ಇದೆ.