ವಿಡಿಯೋ ಗೇಮಿನಲ್ಲಿ ಕುಂಬ್ಳೆಗೆ ಎಷ್ಟು ಅಂಕ ಕೊಡಬೇಕು?

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ಸಂಜೆಯಾದರೆ ಫುಟ್‌ಬಾಲ್ ಗೇಮ್. ಅದರಲ್ಲಿ ನಮ್ಮ ಮುಂಬಯಿ ಸಿಟಿ ಎಫ್‌ಸಿಯ ಒಳ್ಳೊಳ್ಳೆ ಆಟಗಾರರಿಗೂ ಅರವತ್ತರ ಆಸುಪಾಸಿನ ಅಂಕ. ಯುರೋಪಿನಲ್ಲಿ ಬೆಂಚ್ ಕಾಯುವವನಿಗೆ ಎಪ್ಪತ್ತೈದು. ಭಾರತದವರು ಅಂತ ಕಮ್ಮಿ ಕೊಡ್ತಾರಾ? ಈ ಅಂಕ ಕೊಡುವವರು ಯಾರು? ಸರಿಯಾಗಿ ಕೊಡಬೇಕು ಅಂದರೆ ಹೇಗೆ ಕೊಡಬೇಕು?
– ಡೊಂಬಿವಲಿಯ ಓದುಗರು

ಉತ್ತರ: ಭಾರತದವರು ಅಂತ ಯಾರೂ ಕಮ್ಮಿ ಕೊಡುವುದಿಲ್ಲ. ಯಾವ ಲೀಗಿನಲ್ಲಿ ಆಡುತ್ತಾರೆ ಅಂತ ನೋಡಿ ಕೊಡುತ್ತಾರೆ. ನನ್ನನ್ನು ಕೇಳಿದರೆ ಅದು ಬಹುಮಟ್ಟಿಗೆ ಸರಿಯೇ. ನಿಮ್ಮ ಮಗನಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಅಂಕ ಕೊಡುವವರು ಮನುಷ್ಯರೇ. ಇಎ ಸ್ಪೋರ್ಟ್ಸ್‌ನವರ ಆಟವನ್ನೇ ತೆಗೆದುಕೊಳ್ಳಿ. ಮೊದಲು ಅದರ ಹೆಸರು ಫಿಫಾ, 2023ರಿಂದ ಎಫ್‌ಸಿ. ನಮ್ಮ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಅದರಲ್ಲಿ ಸೇರಿದ್ದು ಫಿಫಾ 22ರಲ್ಲಿ. ಬೇರೆ ಬೇರೆ ದೇಶಗಳಲ್ಲಿ ಪಂದ್ಯ ನೋಡುವ ಸಾವಿರಾರು ಜನ ಅವರಿಗೆ ಅಭಿಪ್ರಾಯ ಕಳಿಸುತ್ತಾರೆ. ಕಂಪನಿಯವರು ಅದನ್ನು ಸೋಸಿ ಅಂತಿಮ ಮಾಡುತ್ತಾರೆ. ಒಬ್ಬ ಆಟಗಾರನಿಗೆ ಸುಮಾರು 30 ಗುಣಗಳು. ಅವನ್ನು ಗುಂಪು ಮಾಡಿ ಕಾರ್ಡಿನ ಮೇಲೆ ಆರು ಅಂಕ ಹಾಕುತ್ತಾರೆ. ವೇಗ ಅನ್ನುವ ಒಂದು ಅಂಕದೊಳಗೇ ಎರಡು ಸೇರಿವೆ: ನಿಂತಲ್ಲಿಂದ ಎಷ್ಟು ಬೇಗ ಓಟ ಹಿಡಿಯುತ್ತಾನೆ ಅನ್ನುವುದು 45 ಪಾಲು, ಓಟ ಹಿಡಿದ ಮೇಲಿನ ಸ್ಪೀಡು 55 ಪಾಲು. ಕೊನೆಗೆ ಅವನು ಆಡುವ ಜಾಗ ನೋಡಿ ಎಲ್ಲಾ ಕೂಡಿಸಿ ಒಂದು ಓವರಾಲ್.

ಫುಟ್‌ಬಾಲ್ ಮ್ಯಾನೇಜರ್ ಅನ್ನುವ ಆಟದವರ ದಾರಿ ಬೇರೆ. ಅಲ್ಲಿ ಗುಣಗಳಿಗೆ 1ರಿಂದ 20. ಅದರ ಹಿಂದೆ 200ಕ್ಕೆ ಒಂದು ಗುಟ್ಟಿನ ಅಂಕ, ಅದು ಒಟ್ಟು ಸಾಮರ್ಥ್ಯ. ಈ ಅಂಕ ಬಜೆಟ್ ಥರ ಕೆಲಸ ಮಾಡುತ್ತದೆ. ಒಬ್ಬನಿಗೆ ಪಾಸಿಂಗ್ ಜಾಸ್ತಿ ಕೊಟ್ಟರೆ ಇನ್ನೆಲ್ಲೋ ಕಡಿಮೆ ಮಾಡಬೇಕು. ಹಾಗಾಗಿ ಅಭಿಮಾನದಿಂದ ಎಲ್ಲದಕ್ಕೂ 18 ಹಾಕುವುದು ಕಷ್ಟ. ಈ ಆಟದ ಮಾಹಿತಿ ಎಷ್ಟು ಗಟ್ಟಿ ಅಂದರೆ, ಇಂಗ್ಲೆಂಡಿನ ಎವರ್ಟನ್ ಕ್ಲಬ್ 2008ರಲ್ಲಿ ಆಟಗಾರರನ್ನು ಹುಡುಕಲು ಇದನ್ನು ಬಳಸುವ ಒಪ್ಪಂದ ಮಾಡಿಕೊಂಡಿತು.

ಈಗ ಲೀಗಿನ ವಿಷಯ. ಜಗತ್ತಿಗೆಲ್ಲ ಒಂದೇ ಅಳತೆಗೋಲು ಇಟ್ಟ ಮೇಲೆ ಎದುರಾಳಿ ಯಾರು ಅನ್ನುವುದನ್ನು ಲೆಕ್ಕಕ್ಕೆ ತರಲೇಬೇಕು. ಅದಿಲ್ಲದಿದ್ದರೆ ಏನಾಗುತ್ತದೆ ಅಂತ ತಿಳಿಯಲು ನೀವು ದೂರ ಹೋಗಬೇಕಿಲ್ಲ, ಫಾಸ್ಟ್ ಲೋಕಲ್ಲಿನ ಮುಂದಿನ ಸ್ಟೇಷನ್ ಸಾಕು. 2016ರ ಜನವರಿಯಲ್ಲಿ ಕಲ್ಯಾಣದಲ್ಲಿ ಪ್ರಣವ್ ಧನಾವಡೆ ಶಾಲಾ ಪಂದ್ಯದಲ್ಲಿ 1009 ರನ್ ಹೊಡೆದ. ಔಟ್ ಕೂಡ ಆಗಲಿಲ್ಲ. 327 ಬಾಲಿನಲ್ಲಿ 129 ಫೋರು, 59 ಸಿಕ್ಸರು. ಜಗತ್ತೇ ಬೆರಗಾಯಿತು. ಎದುರು ತಂಡ ಎರಡು ಇನಿಂಗ್ಸಿನಲ್ಲಿ ಮಾಡಿದ್ದು 31 ಮತ್ತು 52. ಬರೀ ರನ್ ನೋಡಿ ಅಂಕ ಕೊಡುವ ಗೇಮ್ ಇದ್ದರೆ ಬ್ರಾಡ್ಮನ್‌ಗಿಂತ ಮೇಲೆ ಈ ಹುಡುಗನನ್ನು ಕೂರಿಸಬೇಕಾಗುತ್ತಿತ್ತು. 1009 ಸುಳ್ಳಲ್ಲ, ದಾಖಲೆ ದಾಖಲೆಯೇ. ಆದರೆ ಆ ರನ್ ಯಾರ ಬೌಲಿಂಗಿಗೆ ಬಂತು ಅನ್ನುವುದೂ ಅಷ್ಟೇ ನಿಜ.

ಮುಂಬಯಿ ಸಿಟಿಗೂ ಇದೇ ಲೆಕ್ಕ. 2022ರಲ್ಲಿ ಅವರು ಇರಾಕಿನ ಅಲ್ ಕುವಾ ಅಲ್ ಜವಿಯಾ ತಂಡವನ್ನು ಸೋಲಿಸಿದರು. ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಚಾಂಪಿಯನ್ಸ್ ಲೀಗಿನಲ್ಲಿ ಭಾರತದ ಕ್ಲಬ್ ಒಂದು ಪಂದ್ಯ ಗೆದ್ದದ್ದು ಅದೇ ಮೊದಲು. ಆದರೆ 2023-24ರಲ್ಲಿ ಅದೇ ಟೂರ್ನಿಯ ಗುಂಪು ಹಂತದ ಆರಕ್ಕೆ ಆರೂ ಸೋತರು. ಆ ಸೀಸನ್ನಿನಲ್ಲೇ ಇಲ್ಲಿ ಐಎಸ್‌ಎಲ್ ಕಪ್ ಅವರದ್ದಾಯಿತು! ಎರಡು ಲೀಗುಗಳ ನಡುವಿನ ಅಂತರ ಅಳೆಯಲು ಇಂಥ ಪಂದ್ಯಗಳೇ ಆಧಾರ. ನನ್ನ ತಕರಾರು ಬೇರೆ ಇದೆ. ನಮ್ಮವರನ್ನೆಲ್ಲ ಹತ್ತು ಹನ್ನೆರಡು ಅಂಕಗಳ ಅಂತರದೊಳಗೆ ತುರುಕಿಬಿಟ್ಟರೆ, ತಂಡದ ಅತಿ ಚುರುಕಿನ ವಿಂಗರ್‌ಗೂ ಸಾಧಾರಣ ವಿಂಗರ್‌ಗೂ ಆಟದಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಓವರಾಲ್ ಕಮ್ಮಿ ಇರಲಿ. ಆದರೆ ಓಟದಲ್ಲಿ ನಿಜವಾಗಿ ಗಟ್ಟಿ ಇರುವವನಿಗೆ ಓಟದ ಅಂಕ ಧಾರಾಳವಾಗಿ ಕೊಡಲಿ. ವಾಚ್ ಹಿಡಿದು ಅಳೆಯಬಹುದಾದ ವಿಷಯಕ್ಕೆ ಲೀಗ್ ಯಾಕೆ ಅಡ್ಡ ಬರಬೇಕು?

ಓವರಾಲ್ ಅಂದರೆ ಬಿಲ್ಡರ್ ಬೋರ್ಡಿನಲ್ಲಿ ಬರೆಸುವ ಸೂಪರ್ ಬಿಲ್ಟ್-ಅಪ್ ಏರಿಯಾ ಇದ್ದ ಹಾಗೆ. ದೊಡ್ಡದಾಗಿ ಕಾಣುವುದು ಅದೇ, ಟೇಪ್ ಹಿಡಿದು ಒಳಗೆ ಅಳೆದರೆ ಸಿಗುವ ಕಾರ್ಪೆಟ್ ಏರಿಯಾ ಬೇರೆ. ಕಂಪನಿಗಳು ಅದನ್ನು ಬಿಡಲಿಕ್ಕಿಲ್ಲ, ಯಾಕೆಂದರೆ ಅದೇ ವ್ಯಾಪಾರ. ಇಎ ಆಟದ ಅಲ್ಟಿಮೇಟ್ ಟೀಮ್ ಅನ್ನುವ ವಿಭಾಗದಲ್ಲಿ ದುಡ್ಡು ಕೊಟ್ಟು ಆಟಗಾರರ ಕಾರ್ಡಿನ ಪ್ಯಾಕ್ ಒಡೆಯುವ ಹುಡುಗರು ದೊಡ್ಡ ನಂಬರಿಗಾಗಿಯೇ ಒಡೆಯುವುದು. ಇದು ಜೂಜು ಅಂತ 2018ರಲ್ಲಿ ಬೆಲ್ಜಿಯಂ ಸರ್ಕಾರ ಹೇಳಿತು, ಮರುವರ್ಷ ಇಎಯವರು ಅಲ್ಲಿ ಪ್ಯಾಕ್ ಕೊಳ್ಳುವ ಪಾಯಿಂಟುಗಳ ಮಾರಾಟ ನಿಲ್ಲಿಸಿದರು. ನಿಮ್ಮ ಫೋನಿಗೆ ಓಟಿಪಿ ಬರುತ್ತಿದ್ದರೆ ಒಮ್ಮೆ ವಿಚಾರಿಸಿ.

ಸರಿಯಾಗಿ ಹೇಗೆ ಕೊಡಬೇಕು ಅನ್ನುವುದಕ್ಕೆ ಕ್ರಿಕೆಟ್‌ಗೇ ಬರಬೇಕು. ಅನಿಲ್ ಕುಂಬ್ಳೆ 132 ಟೆಸ್ಟಿನಲ್ಲಿ 619 ವಿಕೆಟ್. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಮೇಲೆ 74 ರನ್ನಿಗೆ ಹತ್ತೂ ವಿಕೆಟ್. ಈಗ ಒಂದು ಗೇಮಿನಲ್ಲಿ ಸ್ಪಿನ್ನರ್‌ಗೆ ‘ಟರ್ನ್’ ಅಂತ ಒಂದೇ ಅಂಕ ಇದೆ ಅಂದುಕೊಳ್ಳಿ. ಕುಂಬ್ಳೆಗೆ ಏನು ಕೊಡುತ್ತೀರಿ? ನಿಜ ಹೇಳಬೇಕೆಂದರೆ ಕಮ್ಮಿ ಕೊಡಬೇಕು, ಬಾಲ್ ದೊಡ್ಡದಾಗಿ ತಿರುಗುತ್ತಿರಲಿಲ್ಲ. ಜಾಸ್ತಿ ಕೊಟ್ಟರೆ ಬರುವವನು ಕುಂಬ್ಳೆ ಅಲ್ಲ, ಶೇನ್ ವಾರ್ನ್. ಕುಂಬ್ಳೆಯ ಬಲ ಇದ್ದದ್ದು ವೇಗದಲ್ಲಿ, ಬೌನ್ಸಿನಲ್ಲಿ, ಬಿಡದೆ ಅದೇ ಜಾಗಕ್ಕೆ ಹಾಕುವುದರಲ್ಲಿ. ಅಂದರೆ ಗೇಮಿನವರು ಕುಂಬ್ಳೆಯ ದೊಡ್ಡತನಕ್ಕೆ ಅಂಕ ಕೊಡಲು ಹೋಗಬಾರದು. ಅವರ ಬಾಲ್ ಪಿಚ್ ಮೇಲೆ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೆ ನಡೆದುಕೊಳ್ಳುವಂತೆ ಅಂಕ ಹಾಕಬೇಕು. ವಿಕೆಟ್ ತಾನಾಗಿ ಬೀಳಬೇಕು. ಬೀಳದಿದ್ದರೆ ತಪ್ಪು ಆ ಗೇಮಿನ ಲೆಕ್ಕಾಚಾರದಲ್ಲಿದೆ ಅಂತ ಅರ್ಥ. ಅಂಕ ಏರಿಸಿ ಅದನ್ನು ಮುಚ್ಚಬಾರದು.

ದ್ರಾವಿಡ್‌ಗೂ ಇದೇ ತೊಂದರೆ. ಟೆಸ್ಟಿನಲ್ಲಿ ಅವರು ಎದುರಿಸಿದ 31,258 ಬಾಲುಗಳಿಗೆ ಸಾಟಿ ಇಲ್ಲ. ಆದರೆ ‘ಬ್ಯಾಟಿಂಗ್ 95’ ಅಂತ ಹಾಕಿದ ಕೂಡಲೇ ಅರ್ಧಕ್ಕರ್ಧ ಗೇಮುಗಳಲ್ಲಿ ಅವರು ಸಿಕ್ಸರ್ ಎತ್ತಲು ಶುರು ಮಾಡುತ್ತಾರೆ!

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಗೇಮ್ ಮಾಡುವವರೂ ಎಡವುವುದು ಇಲ್ಲೇ. ಕುಂಬ್ಳೆ ಭಾರತದ ನೆಲದಲ್ಲಿ 350 ವಿಕೆಟ್ ತೆಗೆದರು, ಸರಾಸರಿ 24.88. ಹೊರದೇಶಗಳಲ್ಲಿ 269, ಸರಾಸರಿ 35.85. ಒಬ್ಬನೇ ಮನುಷ್ಯ, ಇಷ್ಟು ಫರಕು. ಈಗ ನೀವು ಊರಿನ ಅಂಕಿಅಂಶ ನೋಡಿ ಅವರಿಗೆ 95 ಕೊಟ್ಟಿರಿ. ಗೇಮಿನಲ್ಲಿ ಕೋಟ್ಲಾದ ಪಿಚ್ ಕೂಡ ಸ್ಪಿನ್ನರಿಗೆ ತನ್ನ ಪಾಲು ಕೊಡುತ್ತದೆ. ಒಂದೇ ಲಾಭ ಎರಡು ಸಲ ಸಿಕ್ಕಿತು. ಅಲ್ಲಿ ಯಾರೂ ಅವರನ್ನು ಆಡಲಾರರು, ಸಿಡ್ನಿಯಲ್ಲೂ ಅದೇ ಕಥೆ. ಆದ್ದರಿಂದ ಮೊದಲು ಪಿಚ್ಚಿನ ಪಾಲನ್ನು ಕಳೆದು, ಉಳಿದದ್ದನ್ನು ಮಾತ್ರ ಆಟಗಾರನ ಅಂಕ ಅನ್ನಬೇಕು.

ಮುಂಬಯಿಯ ಮೈದಾನಗಳಲ್ಲಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1948ರಿಂದ ಇಲ್ಲಿ ಕಾಂಗಾ ಲೀಗ್ ನಡೆಯುತ್ತಿದೆ, ಅದೂ ಮಳೆಗಾಲದಲ್ಲಿ. ಒದ್ದೆ ಪಿಚ್, ಹೊಡೆದ ಬಾಲ್ ಹುಲ್ಲಿನಲ್ಲೇ ನಿಲ್ಲುತ್ತದೆ. ಅಲ್ಲಿ ನಲವತ್ತು ರನ್ ಮಾಡಿದವನನ್ನು ಮೈದಾನದವರು ನೋಡುವ ರೀತಿಯೇ ಬೇರೆ. ಆದರೆ ಆಜಾದ್ ಮೈದಾನದಲ್ಲಿ ಬಿಸಿಲಿರುವಾಗ 2013ರಲ್ಲಿ ಪೃಥ್ವಿ ಶಾ ಶಾಲಾ ಪಂದ್ಯದಲ್ಲಿ 546 ಹೊಡೆದ. ಎರಡನ್ನೂ ಒಂದೇ ಸರಾಸರಿಗೆ ಹಾಕುವುದು ಹೇಗೆ?

ಇನ್ನು ನನಗೆ ಬಹಳ ಇಷ್ಟದ ಉದಾಹರಣೆ, ಕರುಣ್ ನಾಯರ್. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303. 2017ರ ಮಾರ್ಚ್ ಹೊತ್ತಿಗೆ ಅವರ ಲೆಕ್ಕ: ಏಳು ಇನಿಂಗ್ಸ್, 374 ರನ್, ಸರಾಸರಿ 62.33. ದ್ರಾವಿಡ್ ಅವರದ್ದು 13,288 ರನ್, ಸರಾಸರಿ 52.31. ಸರಾಸರಿಯನ್ನೇ ನಂಬಿದರೆ ಕರುಣ್ ಮೇಲೆ, ದ್ರಾವಿಡ್ ಕೆಳಗೆ. ಯಾರೂ ಒಪ್ಪುವುದಿಲ್ಲ, ಅಲ್ವಾ? ಹಾಗಂತ 303 ಏನೂ ಅಲ್ಲ ಅನ್ನುವುದೂ ಅನ್ಯಾಯ.

ಇದಕ್ಕೆ ಒಂದು ಸುಲಭ ಉಪಾಯ ಇದೆ. ಪ್ರತಿ ಬ್ಯಾಟ್ಸ್‌ಮನ್‌ನ ಖಾತೆಗೂ ಸಾಧಾರಣ ಆಟಗಾರನ ಇಪ್ಪತ್ತು ಇನಿಂಗ್ಸ್ ಸೇರಿಸಿ. ಒಂದೊಂದಕ್ಕೆ 35 ರನ್ನಿನಂತೆ, ಇಪ್ಪತ್ತರಲ್ಲೂ ಔಟ್ ಅಂತ ಇಟ್ಟುಕೊಳ್ಳೋಣ. ಈ 20 ಮತ್ತು 35 ನಾನು ಆರಿಸಿಕೊಂಡ ಸಂಖ್ಯೆಗಳು, ಗೇಮಿನವರು ತಮಗೆ ಸರಿ ಕಂಡದ್ದನ್ನು ಆರಿಸಲಿ. ಅಂದರೆ 700 ರನ್ನೂ 20 ಔಟೂ ಜಾಸ್ತಿ ಆಯಿತು. ಕರುಣ್ ಅವರ 374ಕ್ಕೆ 700 ಕೂಡಿಸಿದರೆ 1074. ಆರು ಸಲ ಔಟಾಗಿದ್ದರು, ಈಗ ಒಟ್ಟು 26. ಭಾಗಿಸಿದರೆ 41.3. ದ್ರಾವಿಡ್ 254 ಸಲ ಔಟಾದವರು. ಅವರ ಖಾತೆಗೂ ಅಷ್ಟೇ ಸೇರಿಸಿದರೆ 51.05. ಒಂದು ರನ್ನಿಗಿಂತ ಚೂರು ಜಾಸ್ತಿ ಇಳಿಯಿತು, ಅಷ್ಟೇ. ಜಾಸ್ತಿ ಆಡಿದವನನ್ನು ಅವನ ಅಂಕಿಅಂಶವೇ ಕಾಯುತ್ತದೆ. ಕಮ್ಮಿ ಆಡಿದವನನ್ನು ಸಾಧಾರಣದ ಕಡೆ ಎಳೆಯುತ್ತೇವೆ, ಅವನು ಆಡುತ್ತಾ ಹೋದಂತೆ ಹಗ್ಗ ಸಡಿಲ ಬಿಡುತ್ತೇವೆ.

ಕರುಣ್ ಎಂಟು ವರ್ಷದ ಮೇಲೆ 2025ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಆಡಿದರು. ಎಂಟು ಇನಿಂಗ್ಸಿನಲ್ಲಿ 205. ಒಟ್ಟು ಸರಾಸರಿ 41.35ಕ್ಕೆ ಬಂತು. ನಮ್ಮ ಲೆಕ್ಕದ ಉತ್ತರಕ್ಕೆ ಇಷ್ಟು ಹತ್ತಿರ ಬಂದದ್ದು ಸುಮ್ನೆ ಕಾಕತಾಳೀಯ, ಅದನ್ನು ನೋಡಿ ಯಾರೂ ಬೆಟ್ ಕಟ್ಟಬೇಡಿ. ಆದರೆ ಅಂಕ ಯಾವ ದಿಕ್ಕಿಗೆ ಸರಿಯುತ್ತದೆ ಅನ್ನುವುದು ಇಂಥ ಲೆಕ್ಕದಿಂದ ಹೆಚ್ಚಾಗಿ ಮೊದಲೇ ಗೊತ್ತಾಗುತ್ತದೆ.

ಕೆಲವರು ಕೇಳುತ್ತಾರೆ, ಐಸಿಸಿ ರ‍್ಯಾಂಕಿಂಗ್ ಇದೆಯಲ್ಲ, ಅದನ್ನೇ ಹಾಕಿದರೆ ಆಗದೇ? ಆಗುವುದಿಲ್ಲ. ಅದು ಚೆನ್ನಾಗಿ ಮಾಡಿದ ಲೆಕ್ಕವೇ. ಸೊನ್ನೆಯಿಂದ ಸಾವಿರದವರೆಗೆ ಅಂಕ, ಎದುರಾಳಿಯ ಬಲವನ್ನೂ ನೋಡುತ್ತದೆ. ಬ್ರಾಡ್ಮನ್ ಮುಟ್ಟಿದ 961 ಇವತ್ತಿಗೂ ಟೆಸ್ಟ್ ಬ್ಯಾಟಿಂಗಿನ ಗರಿಷ್ಠ. ಆದರೆ ಅದು ಇತ್ತೀಚಿನ ಪಂದ್ಯಗಳಿಗೆ ಹೆಚ್ಚು ತೂಕ ಕೊಡುತ್ತದೆ. ಒಂದು ಟೆಸ್ಟ್ ತಪ್ಪಿಸಿಕೊಂಡರೂ ಅಂಕ ಸ್ವಲ್ಪ ಇಳಿಯುತ್ತದೆ. ಬುಮ್ರಾ ಬೆನ್ನು ನೋವೆಂದು ಮನೆಯಲ್ಲಿ ಕೂತರೆ ಯಾರ್ಕರ್ ಮರೆತುಬಿಡುತ್ತಾರೆಯೇ? ಫಾರ್ಮ್ ಬೇಕು, ಬೇರೆಯಾಗಿ ಬೇಕು. ಸಾಮರ್ಥ್ಯದ ಮೇಲೆ ತೆಳ್ಳಗೆ ಸವರಿದ ಹಾಗೆ ಇರಲಿ, ಎರಡು ಮೂರು ಅಂಕಕ್ಕಿಂತ ಹೆಚ್ಚು ಅಲುಗಾಡುವುದು ಬೇಡ. ಅದಕ್ಕಿಂತ ಮುಖ್ಯವಾದದ್ದು ಭರವಸೆ, ಅಂದರೆ ಹತ್ತು ಪಂದ್ಯದಲ್ಲಿ ಎಷ್ಟು ಸಲ ತನ್ನ ಮಟ್ಟಕ್ಕೆ ಆಡುತ್ತಾನೆ ಅನ್ನುವುದು. ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಇದು ಕಣ್ಣಿಗೆ ಕಾಣದ ಗುಣವಾಗಿ ಇದೆ, ದೊಡ್ಡ ಪಂದ್ಯದಲ್ಲಿ ಹೇಗೆ ಆಡುತ್ತಾನೆ ಅನ್ನುವುದೂ ಹಾಗೆಯೇ. ಮುಚ್ಚಿಟ್ಟದ್ದೂ ಸರಿ. ನಿಜವಾದ ಕೋಚಿಗೂ ಅದು ನಂಬರಿನಲ್ಲಿ ಗೊತ್ತಿರುವುದಿಲ್ಲ, ನೋಡಿ ನೋಡಿ ಕಲಿಯುತ್ತಾರೆ.

ಸ್ಕೋರ್‌ಕಾರ್ಡಿಗೆ ಬಾರದ ಕೆಲಸವೂ ಇದೆ. ಕಬಡ್ಡಿಯಲ್ಲಿ ಯು ಮುಂಬಾದ ಕವರ್ ಡಿಫೆಂಡರ್ ಸರಿಯಾದ ಜಾಗದಲ್ಲಿ ನಿಂತದ್ದಕ್ಕೆ ರೇಡರ್ ಖಾಲಿ ಕೈಯಲ್ಲಿ ವಾಪಸ್ ಹೋದರೆ ಯಾರ ಹೆಸರಿಗೂ ಪಾಯಿಂಟ್ ಬರೆಯುವುದಿಲ್ಲ. ಇಂಥದ್ದಕ್ಕೆ ನೋಡುವ ಕಣ್ಣೇ ಬೇಕು, ಹಾಗಾಗಿ ಮನುಷ್ಯರು ಅಂಕ ಕೊಡುವುದು ಪೂರ್ತಿ ನಿಲ್ಲಬಾರದು.

ಕೊನೆಗೆ ಮಗನಿಗೊಂದು ಕೆಲಸ. ಕಂಪ್ಯೂಟರ್ ಇದ್ದರೆ ಫುಟ್‌ಬಾಲ್ ಮ್ಯಾನೇಜರ್‌ನ ಎಡಿಟರಿನಲ್ಲಿ ಅಂಕ ತಿದ್ದಬಹುದು. ಇಲ್ಲದಿದ್ದರೆ ನಿಮ್ಮ ಸೊಸೈಟಿಯ ಕ್ರಿಕೆಟ್ ತಂಡಕ್ಕೇ ರೇಟಿಂಗ್ ಮಾಡಲಿ. ನೂರಕ್ಕೆ ಎಷ್ಟು ಅಂತ ಹುಡುಗರನ್ನು ಕೇಳಬೇಡಿ, ಎಲ್ಲರೂ 80 ಅನ್ನುತ್ತಾರೆ. ಇಬ್ಬಿಬ್ಬರ ಜೋಡಿ ಮಾಡಿ ಕೇಳಬೇಕು: ‘ಕೊನೇ ಓವರ್, ಹನ್ನೆರಡು ರನ್ ಬೇಕು, ಇವರಿಬ್ಬರಲ್ಲಿ ಯಾರನ್ನು ಕಳಿಸ್ತೀಯ?’ ‘ಹೊಸ ಬಾಲ್, ಯಾರು ಓಪನ್ ಮಾಡಲಿ?’ ಚೆಸ್‌ನಲ್ಲಿ ಆರ್ಪಾಡ್ ಈಲೋ ಅವರ ರೇಟಿಂಗ್ ಹೀಗೇ ಇಬ್ಬರ ಹೋಲಿಕೆಯ ಮೇಲೆ ನಿಂತಿದೆ. ಚೆಸ್‌ನ ಜಾಗತಿಕ ಸಂಸ್ಥೆ ಫಿಡೆ ಅದನ್ನು 1970ರಿಂದ ಬಳಸುತ್ತಿದೆ. ಅಲ್ಲಿ 200 ಅಂಕ ಮುಂದಿರುವವನಿಗೆ ನೂರು ಆಟದಲ್ಲಿ ಸುಮಾರು 76 ಪಾಯಿಂಟ್ ಸಿಗಬೇಕು ಅನ್ನುವುದು ನಿರೀಕ್ಷೆ. ಒಂದೊಂದು ಪ್ರಶ್ನೆಗೆ ಒಂದೊಂದು ಪಟ್ಟಿ ಬರುತ್ತದೆ. ಅವನ್ನು ಕೂಡಿಸಿ ಒಂದು ಮಾಡಲು ಹೋಗಬೇಡಿ. ಮತ್ತೆ, ಜೋಡಿಯಲ್ಲಿ ಅವನ ಜೀವದ ಗೆಳೆಯ ಇದ್ದರೆ ಆ ಪ್ರಶ್ನೆಯನ್ನು ಎದುರು ತಂಡದ ಬೌಲರನ್ನು ಕೇಳಿ.